ಪ್ರೊಫೈಲರ್ ಥ್ರಿಲ್ಲರ್ ಓದಿ ಮುಗಿಸಿದ್ರಾ? ಹಿಂಬದಿಯ ಹಾಳೆಯಲ್ಲಿ ಹೀಗೆ ಬರೆಯಿರಿ

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದೊಂದು ಪುಟ್ಟ ಸರ್ಕ್ಯುಲೇಟಿಂಗ್ ಲೈಬ್ರರಿ ಇದೆ. ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಒಂದು ಗೆರೆ ಹಾಳೆ ಅಂಟಿಸಿರುತ್ತೇನೆ. ಓದಿದವರು ವಾಪಸ್ ಕೊಡುವಾಗ ಅದರಲ್ಲಿ ನಾಲ್ಕು ಸಾಲು ಬರೆಯಬಹುದು. ಕಡ್ಡಾಯವೇನಿಲ್ಲ. ಬರೆದವರು ಮುಂದಿನ ಪುಸ್ತಕವನ್ನು ಒಂದು ದಿನ ಜಾಸ್ತಿ ಇಟ್ಟುಕೊಳ್ಳಬಹುದು, ಅಷ್ಟೇ ಲಂಚ.

ನಮ್ಮಲ್ಲಿ ಕಪಾಟಿನಲ್ಲಿ ನಿಲ್ಲದೆ ಓಡಾಡುವುದು ಪ್ರೊಫೈಲರ್ ಕಥೆಗಳು. ಹೆಣ ಬಿದ್ದ ಜಾಗ ನೋಡಿ, ಗಾಯ ನೋಡಿ, ಕೊಲೆಗಾರ ಏನು ಬಿಟ್ಟುಹೋದ, ಏನು ಎತ್ತಿಕೊಂಡು ಹೋದ ಅಂತ ನೋಡಿ, 'ಇವನು ಇಂಥ ಮನುಷ್ಯ' ಅಂತ ಹೇಳುವವರು ಪ್ರೊಫೈಲರ್. ಆದರೆ ಈ ಪುಸ್ತಕಗಳ ಹಾಳೆ ತೆರೆದರೆ ಬರೀ 'ಸೂಪರ್', 'ಒಂದೇ ರಾತ್ರಿಗೆ ಮುಗಿಸಿದೆ', 'ಪರವಾಗಿಲ್ಲ'. ಒಂದರಲ್ಲಿ ಮಾತ್ರ 'ಊಟದ ಹೊತ್ತಿಗೆ ಓದಬೇಡಿ, 140ನೇ ಪುಟ' ಅಂತಿದೆ. ಇಡೀ ಕಪಾಟಿಗೆ ಅದೊಂದೇ ಕೆಲಸಕ್ಕೆ ಬರುವ ಅಭಿಪ್ರಾಯ. ಅದನ್ನು ನೋಡಿ ಪುಸ್ತಕ ಅಲ್ಲೇ ಇಟ್ಟುಹೋದವರಿದ್ದಾರೆ. ಅದಕ್ಕೆಂದೇ ತೆಗೆದುಕೊಂಡು ಹೋದವರೂ ಇದ್ದಾರೆ!

ಹಾಗಾದರೆ ಏನು ಬರೆಯಬೇಕು? ಕೌಂಟರಿನಲ್ಲಿ ಬಾಯಿಮಾತಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲೇ ಬರೆದುಬಿಡುತ್ತೇನೆ.

ಓದಲು ಶುರು ಮಾಡುವಾಗಲೇ ಒಂದು ಚೀಟಿ ಇಟ್ಟುಕೊಳ್ಳಿ. ಹಳೇ ಬಸ್ ಟಿಕೆಟ್ಟಿನ ಹಿಂಬದಿಯಾದರೂ ಸರಿ. ಇಂಥ ಪುಸ್ತಕಗಳಲ್ಲಿ ಒಂದು ಸೀನ್ ಇದ್ದೇ ಇರುತ್ತದೆ. ಪೊಲೀಸರೆಲ್ಲ ಕುರ್ಚಿಯಲ್ಲಿ ಕೂತಿರುತ್ತಾರೆ, ಪ್ರೊಫೈಲರ್ ಎದ್ದು ನಿಂತು ಕೊಲೆಗಾರನ ಜಾತಕ ಓದುತ್ತಾನೆ. ಅಲ್ಲಿ ನಿಲ್ಲಿಸಿ, ಒಂದೊಂದನ್ನೂ ಬರೆದುಕೊಳ್ಳಿ. ನನ್ನದೊಂದು ಚೀಟಿ ಇನ್ನೂ ಡ್ರಾಯರಿನಲ್ಲಿದೆ: 'ಗಂಡಸು. 30ರಿಂದ 40. ಒಬ್ಬನೇ ಇರ್ತಾನೆ. ಅಮ್ಮನ ಮೇಲೆ ಕೋಪ. ಬುದ್ಧಿವಂತ, ಆದರೆ ಬುದ್ಧಿಗೆ ತಕ್ಕ ಕೆಲಸವಿಲ್ಲ. ಹೊರಗೆ ಸಭ್ಯ, ಒಳಗೆ ಕುದೀತಿದಾನೆ. ಪಿಕಪ್ ವ್ಯಾನ್ ಇದೆ.'

ಈಗ ಪೆನ್ಸಿಲ್ ತಗೊಂಡು, ಇದರಲ್ಲಿ ಯಾರಿಗೆ ಬೇಕಾದರೂ ಹೊಂದುವ ಮಾತು ಯಾವುದು ಅಂತ ಗೀಟು ಹಾಕಿ. ಬುದ್ಧಿಗೆ ತಕ್ಕ ಕೆಲಸ ಸಿಗದವರು ನಮ್ಮ ಬೀದಿಯಲ್ಲೇ ಒಂದು ಡಜನ್ ಇದ್ದಾರೆ. ಹೊರಗೆ ಸಭ್ಯರಾಗಿದ್ದು ಒಳಗೆ ಕುದಿಯುವವರ ಪೈಕಿ ನಾನೂ ಒಬ್ಬಳು. ಕೊನೆಗೆ ಉಳಿದದ್ದು ವ್ಯಾನ್ ಒಂದೇ!

ಇದು ತಮಾಷೆಗೆ ಹೇಳಿದ್ದಲ್ಲ. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಅನ್ನುವ ಮನಃಶಾಸ್ತ್ರದ ಮೇಷ್ಟ್ರು ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ಆಮೇಲೆ ಒಬ್ಬೊಬ್ಬರ ಕೈಗೂ 'ಇದು ನಿನ್ನ ಸ್ವಭಾವ' ಅಂತ ಒಂದು ಹಾಳೆ ಇಟ್ಟರು. ಎಷ್ಟು ಸರಿಯಾಗಿದೆ ಅಂತ ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ನೋಡಿದರೆ ಎಲ್ಲರ ಕೈಲಿದ್ದದ್ದೂ ಅದೇ ಹಾಳೆ! ಬಹುಪಾಲು ಸಾಲುಗಳನ್ನು ಮೇಷ್ಟ್ರು ಎತ್ತಿದ್ದು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ. ಭಾನುವಾರದ ರಾಶಿಭವಿಷ್ಯ ಓದಿ 'ಅರೆ, ನಂಗೇ ಬರೆದಂಗಿದೆ' ಅನ್ನುತ್ತೀವಲ್ಲ, ಅದೇ ಇದು. ಹಾಗಾಗಿ ಹಾಳೆಯ ಮೊದಲ ಸಾಲು ಇದಕ್ಕೆ ಇರಲಿ: ಪ್ರೊಫೈಲರ್ ಹೇಳಿದ್ದರಲ್ಲಿ ನಿಜವಾಗಿ ಅವನೊಬ್ಬನಿಗೇ ಹೊಂದುವ ಮಾತು ಎಷ್ಟು?

ಎರಡನೇ ಸಾಲು ಪುಸ್ತಕ ಮುಗಿದ ಮೇಲೆ. ಕೊಲೆಗಾರ ಸಿಕ್ಕಿದ್ದು ಹೇಗೆ? ಪ್ರೊಫೈಲಿನಿಂದಲೋ ಬೇರೇನರಿಂದಲೋ?

ನಮ್ಮಲ್ಲಿಗೆ ಬರುವ ಒಬ್ಬರು ನಿವೃತ್ತ ಎಎಸ್‌ಐ ಇದ್ದಾರೆ. ವಾರಕ್ಕೆರಡು ಥ್ರಿಲ್ಲರ್ ಓದುತ್ತಾರೆ, ವಾರಕ್ಕೆರಡು ಸಲ ಬೈಯುತ್ತಾರೆ. "ಏನಮ್ಮಾ ಇದು, ಮುನ್ನೂರು ಪುಟ ಆಯ್ತು, ಈವಯ್ಯ ಇನ್ನೂ ಕಣ್ಮುಚ್ಕೊಂಡು ಯೋಚ್ನೆ ಮಾಡ್ತಾವ್ನೆ. ಒಂದು ಸಿಡಿಆರ್ ತೆಗ್ಸಿದ್ನಾ?" ಸಿಡಿಆರ್ ಅಂದರೆ ಫೋನ್ ಕರೆಗಳ ದಾಖಲೆ. ದಕ್ಷಿಣ ಕನ್ನಡದ ಸಯನೈಡ್ ಮೋಹನ್‌ನನ್ನು ಅವರು ಉದಾಹರಣೆ ಕೊಡುತ್ತಾರೆ. ಮಾಜಿ ಮೇಷ್ಟ್ರು, 20 ಹೆಣ್ಣುಮಕ್ಕಳ ಕೊಲೆ. 2009ರಲ್ಲಿ ಅವನು ಸಿಕ್ಕಿದ್ದು ಬಂಟ್ವಾಳದ ಕಡೆ ಕಾಣೆಯಾದ ಹುಡುಗಿಯೊಬ್ಬಳ ಫೋನ್ ಕರೆಗಳ ಜಾಡು ಹಿಡಿದು. "ಅವ್ನ ಮನ್ಸು ಯಾರೂ ಓದ್ಲಿಲ್ಲ ಕಣಮ್ಮಾ, ಬಿಲ್ಲು ಓದಿದ್ರು" ಅನ್ನುತ್ತಾರೆ.

ಪ್ರೊಫೈಲರ್‌ಗಳ ಪೈಕಿ ದೊಡ್ಡ ದಂತಕಥೆ ನ್ಯೂಯಾರ್ಕಿನದು. 1940ರಿಂದ 1956ರವರೆಗೆ ಒಬ್ಬ ಊರಿನ ಸಿನಿಮಾ ಮಂದಿರ, ರೈಲು ನಿಲ್ದಾಣಗಳಲ್ಲೆಲ್ಲ ಬಾಂಬ್ ಇಟ್ಟ. ಪೊಲೀಸರು ಕೈಚೆಲ್ಲಿ ಜೇಮ್ಸ್ ಬ್ರಸೆಲ್ ಅನ್ನುವ ಮನೋವೈದ್ಯರ ಹತ್ತಿರ ಹೋದರು. ಅವರು ಒಂದಷ್ಟು ಲಕ್ಷಣ ಹೇಳಿ, ಕೊನೆಗೆ 'ಸಿಕ್ಕಾಗ ಡಬಲ್ ಬ್ರೆಸ್ಟೆಡ್ ಕೋಟು ಹಾಕಿರ್ತಾನೆ, ಗುಂಡಿ ಹಾಕಿರ್ತಾನೆ' ಅಂದರಂತೆ. 1957ರ ಜನವರಿಯಲ್ಲಿ ಜಾರ್ಜ್ ಮೆಟೆಸ್ಕಿಯ ಮನೆ ಬಾಗಿಲು ತಟ್ಟಿದರೆ ಆಸಾಮಿ ಪೈಜಾಮಾದಲ್ಲಿದ್ದ. ಬಟ್ಟೆ ಹಾಕ್ಕೊಂಡು ಬಾ ಅಂದರು. ಬಂದ. ಡಬಲ್ ಬ್ರೆಸ್ಟೆಡ್ ಕೋಟು, ಗುಂಡಿ ಹಾಕಿದ್ದು.

ಮೈ ಜುಮ್ ಅನ್ನುತ್ತೆ ಅಲ್ವಾ? ನನಗೂ ಅನ್ನಿಸಿತ್ತು. ಆದರೆ ಅವನ ಮನೆ ಸಿಕ್ಕಿದ್ದು ಹೇಗೆ ಗೊತ್ತಾ? ಅವನಿಗೆ ಕೋಪವಿದ್ದದ್ದು ಕಾನ್ ಎಡಿಸನ್ ಅನ್ನುವ ವಿದ್ಯುತ್ ಕಂಪನಿಯ ಮೇಲೆ. 1931ರಲ್ಲಿ ಅಲ್ಲಿ ಕೆಲಸ ಮಾಡುವಾಗ ಪೆಟ್ಟಾಗಿತ್ತು, ಪರಿಹಾರ ಸಿಕ್ಕಿರಲಿಲ್ಲ. ಆ ಕಂಪನಿಯ ಗುಮಾಸ್ತೆ ಆಲಿಸ್ ಕೆಲ್ಲಿ ಹಳೇ ಪರಿಹಾರದ ಫೈಲುಗಳನ್ನು ಒಂದೊಂದಾಗಿ ತಿರುವಿ ಹಾಕುತ್ತಾ ಕೂತಿದ್ದರು. ಬೆದರಿಕೆ ಪತ್ರಗಳಲ್ಲಿದ್ದ ಮಾತುಗಳೇ ಒಂದು ಫೈಲಿನಲ್ಲಿ ಕಂಡವು. ಅಷ್ಟೇ. ಬ್ರಸೆಲ್ ಹೇಳಿದ್ದರಲ್ಲಿ ಮುಖದ ಮೇಲೆ ಗಾಯದ ಕಲೆ, ರಾತ್ರಿ ಪಾಳಿ ಕೆಲಸದಂಥ ತಪ್ಪುಗಳೂ ಇದ್ದವು. ಕೋಟಿನ ಗುಂಡಿ ಎಲ್ಲರಿಗೂ ನೆನಪಿದೆ, ಕಲೆ ಯಾರಿಗೂ ನೆನಪಿಲ್ಲ. ಧೂಳು ಕುಡಿದು ಫೈಲ್ ಹುಡುಕಿದ ಹೆಂಗಸಂತೂ ಕಥೆಯಲ್ಲೇ ಇಲ್ಲ. ಅದಕ್ಕೇ ನಾನು ಹೇಳುವುದು: ನಿಮ್ಮ ಪುಸ್ತಕದಲ್ಲಿ ಆಲಿಸ್ ಕೆಲ್ಲಿ ಥರದವರು ಯಾರಾದರೂ ಇದ್ದಾರಾ ನೋಡಿ. ಇದ್ದರೆ ತಪ್ಪದೆ ಬರೆಯಿರಿ. ಅಂಥ ಪುಸ್ತಕ ನಾನೇ ಮೊದಲು ಮನೆಗೆ ಒಯ್ಯುತ್ತೇನೆ.

ಇನ್ನೊಂದು ಪ್ರಶ್ನೆ. ಪ್ರೊಫೈಲರ್ ಒಂದು ಸಲವಾದರೂ ತಪ್ಪುತ್ತಾನಾ? ಬಹಳ ಪುಸ್ತಕಗಳಲ್ಲಿ ಅವನು ಕುಡಿಯುತ್ತಾನೆ, ಹೆಂಡತಿ ಬಿಟ್ಟುಹೋಗಿರುತ್ತಾಳೆ, ನಿದ್ದೆ ಬರುವುದಿಲ್ಲ. ಇಷ್ಟೆಲ್ಲ ಕಷ್ಟವಿದ್ದರೂ ಊಹೆ ಮಾತ್ರ ತಪ್ಪುವುದಿಲ್ಲ. ನಿಜ ಜೀವನದಲ್ಲಿ ತಪ್ಪಿದೆ. 1992ರ ಜುಲೈಯಲ್ಲಿ ಲಂಡನ್ನಿನ ವಿಂಬಲ್ಡನ್ ಕಾಮನ್ ಅನ್ನುವ ಬಯಲಿನಲ್ಲಿ ರೇಚಲ್ ನಿಕೆಲ್ ಅನ್ನುವ 23 ವರ್ಷದ ತಾಯಿಯ ಕೊಲೆಯಾಯಿತು. ಎರಡು ವರ್ಷದ ಮಗ ಜೊತೆಗಿದ್ದ. ಪೊಲೀಸರು ಒಬ್ಬ ಮನಃಶಾಸ್ತ್ರಜ್ಞರಿಂದ ಪ್ರೊಫೈಲ್ ಬರೆಸಿದರು. ಅಲ್ಲೇ ನಾಯಿ ಅಡ್ಡಾಡಿಸುತ್ತಿದ್ದ ಕಾಲಿನ್ ಸ್ಟ್ಯಾಗ್ ಅದಕ್ಕೆ ಹೊಂದಿದ. ಒಬ್ಬ ಮಹಿಳಾ ಪೊಲೀಸ್ ವೇಷ ಮರೆಸಿ ಅವನ ಸ್ನೇಹ ಬೆಳೆಸಿ, ತಿಂಗಳುಗಟ್ಟಲೆ ಪತ್ರ ಬರೆದು, ಬಾಯಿ ಬಿಡಿಸಲು ನೋಡಿದರು. ಅವನು ಕೊಲೆ ಮಾಡಿದೆ ಅನ್ನಲೇ ಇಲ್ಲ. 1994ರಲ್ಲಿ ಜಡ್ಜ್ ಆ ಸಾಕ್ಷ್ಯವನ್ನು ಕಸದಬುಟ್ಟಿಗೆ ಹಾಕಿದರು, ಕೇಸ್ ಬಿದ್ದುಹೋಯಿತು. ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್ ಡಿಎನ್‌ಎಯಿಂದ ಸಿಕ್ಕಿಬಿದ್ದು, 2008ರಲ್ಲಿ ಒಪ್ಪಿಕೊಂಡ. ಅಲ್ಲಿಯವರೆಗೆ ಸ್ಟ್ಯಾಗ್ ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. 2002ರಲ್ಲಿ ವಾಷಿಂಗ್ಟನ್ ಸುತ್ತಮುತ್ತ ದಾರಿಹೋಕರನ್ನು ಗುಂಡಿಟ್ಟು ಕೊಂದಾಗಲೂ ಅಷ್ಟೇ. ಟಿವಿಯಲ್ಲಿ ಕೂತ ಪಂಡಿತರು ಬಿಳಿಯ, ಒಬ್ಬನೇ ಇದ್ದಾನೆ ಅಂದರು. ಸಿಕ್ಕವರು ಇಬ್ಬರು, ಇಬ್ಬರೂ ಕರಿಯರು, ಒಬ್ಬನಿಗೆ 17 ವರ್ಷ.

ಹಾಗಂತ ಪ್ರೊಫೈಲಿಂಗ್ ಪೂರ್ತಿ ಬುರುಡೆ ಅಂತ ಬರೆಯಬೇಡಿ. ಎಫ್‌ಬಿಐನವರು 1972ರಲ್ಲಿ ಕ್ವಾಂಟಿಕೊದಲ್ಲಿ ಇದಕ್ಕೆಂದೇ ಒಂದು ವಿಭಾಗ ಮಾಡಿದರು. ಅಲ್ಲಿಯ ರಾಬರ್ಟ್ ರೆಸ್ಲರ್, ಜಾನ್ ಡಗ್ಲಸ್ ಜೈಲು ಜೈಲು ಸುತ್ತಿ ಕೊಲೆಗಾರರನ್ನು ಕೂರಿಸಿ ಮಾತಾಡಿಸಿದರು. ಆ ಅಧ್ಯಯನದಲ್ಲಿ ಒಟ್ಟು 36 ಜನ. ನರ್ಸಿಂಗ್ ಪ್ರೊಫೆಸರ್ ಆನ್ ಬರ್ಜಸ್ ಅದಕ್ಕೊಂದು ಶಿಸ್ತು ತಂದರು. ಲೆಕ್ಕ ಹಾಕಿ ಕೊಲೆ ಮಾಡುವವನು, ಅಸ್ತವ್ಯಸ್ತ ಕೊಲೆಗಾರ ಅಂತ ಎರಡು ಬಗೆ ಬಂದದ್ದು ಅಲ್ಲಿಂದಲೇ. ನಿಮ್ಮ ಪುಸ್ತಕದಲ್ಲಿ ಇದನ್ನು ವೇದವಾಕ್ಯದಂತೆ ಹೇಳಿದ್ದರೆ ಒಂದು ಪ್ರಶ್ನೆಚಿಹ್ನೆ ಹಾಕಿ. 2004ರಲ್ಲಿ ಬ್ರಿಟನ್ನಿನ ಮನಃಶಾಸ್ತ್ರಜ್ಞ ಡೇವಿಡ್ ಕ್ಯಾಂಟರ್ ಮತ್ತು ಅವರ ಜೊತೆಯವರು 100 ಸರಣಿ ಕೊಲೆಗಾರರ ಒಂದೊಂದು ಕೊಲೆ ತೆಗೆದು ಪರೀಕ್ಷಿಸಿದರು. ಎರಡು ಬಗೆಯಾಗಿ ಒಡೆಯಲಿಲ್ಲ. ಇದೇ ಕ್ಯಾಂಟರ್ 1980ರ ದಶಕದಲ್ಲಿ ಲಂಡನ್ನಿನ ರೈಲು ನಿಲ್ದಾಣಗಳ ಆಸುಪಾಸಿನ ಅತ್ಯಾಚಾರ, ಕೊಲೆಗಳ ಪ್ರಕರಣದಲ್ಲಿ ಪೊಲೀಸರಿಗೆ ನಿಜಕ್ಕೂ ದಾರಿ ತೋರಿಸಿದವರು. ಅವರು ಕೊಲೆಗಾರನ ಅಮ್ಮನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಮ್ಯಾಪ್ ಮೇಲೆ ಚುಕ್ಕಿ ಇಟ್ಟು, ಅವನ ಮನೆ ಯಾವ ಕಡೆ ಇರಬಹುದು ಅಂತ ನೋಡಿದರು.

ಇನ್ನು ನನ್ನ ಸ್ವಂತ ಜಗಳಕ್ಕೆ ಬರುತ್ತೇನೆ. ಪುಸ್ತಕ ವಾಪಸ್ ತಂದವರನ್ನು ನಾನು ಕೌಂಟರಿನಲ್ಲಿ ನಿಲ್ಲಿಸಿ ಕೇಳುತ್ತೇನೆ: ಮೊದಲು ಸತ್ತ ಹುಡುಗಿಯ ಹೆಸರೇನು? ಹತ್ತರಲ್ಲಿ ಎಂಟು ಜನ ಮೇಲೆ ನೋಡುತ್ತಾರೆ. ಕೊಲೆಗಾರನ ಅಡ್ಡಹೆಸರು ಮಾತ್ರ ಎಲ್ಲರ ಬಾಯಲ್ಲೂ ಇರುತ್ತದೆ. ತಪ್ಪು ಓದುಗರದಲ್ಲ. ಪುಸ್ತಕವೇ ಹಾಗಿರುತ್ತದೆ. ಕೊಲೆಗಾರನಿಗೆ ಓರೆ ಅಕ್ಷರದಲ್ಲಿ ಹದಿನೈದು ಅಧ್ಯಾಯ, ಅವಳಿಗೆ ಸಾಯುವುದಕ್ಕೆ ಎರಡು ಪುಟ. ಅವಳು ಏನು ಕೆಲಸ ಮಾಡುತ್ತಿದ್ದಳು, ಮನೆಯಲ್ಲಿ ಯಾರಿದ್ದರು, ಆ ದಿನ ಎಲ್ಲಿಗೆ ಹೊರಟಿದ್ದಳು ಅನ್ನುವುದು ಪುಸ್ತಕದಲ್ಲಿದ್ದರೆ ಹಾಳೆಯಲ್ಲಿ ಒಂದು ಸಾಲು ಬರೆಯಿರಿ. ಒಬ್ಬ ಇಂಜಿನಿಯರಿಂಗ್ ಹುಡುಗಿ ಬರೆದಿದ್ದಳು: 'ಇದರಲ್ಲಿ ಸತ್ತವಳ ಚಪ್ಪಲಿ ಅಳತೆ ಗೊತ್ತಾಗುತ್ತೆ, ಹೆಸರು ಮೂರನೇ ಅಧ್ಯಾಯದವರೆಗೂ ಗೊತ್ತಾಗಲ್ಲ.' ಇದಕ್ಕಿಂತ ಒಳ್ಳೇ ವಿಮರ್ಶೆ ನಾನು ಓದಿಲ್ಲ.

ಎಚ್ಚರಿಕೆಯ ಮಾತು ಬರೆಯುವುದಕ್ಕೆ ಸಂಕೋಚ ಬೇಡ. ಮಕ್ಕಳಿಗೆ ಹಿಂಸೆ ಇದೆಯಾ, ಅತ್ಯಾಚಾರದ ವಿವರ ಇದೆಯಾ, ಪುಟದ ನಂಬರ್ ಸಮೇತ ಹಾಕಿ. ಎದುರು ಮನೆ ಅಜ್ಜಿಗೆ 78 ವರ್ಷ. ಮನುಷ್ಯರ ಹೆಣ ಎಷ್ಟು ಬಿದ್ದರೂ ಅವರಿಗೆ ಏನೂ ಅನ್ನಿಸುವುದಿಲ್ಲ. "ನಾಯಿ ಸಾಯತ್ತೇನೇ?" ಅಂತ ಕೇಳಿಯೇ ಪುಸ್ತಕ ಮುಟ್ಟುವುದು. ಅವರ ಸಲುವಾಗಿ ಹಾಳೆಯ ಮೂಲೆಯಲ್ಲಿ 'ನಾ' ಅಂತ ಬರೆದು ಸುತ್ತು ಹಾಕುವ ಪದ್ಧತಿ ಶುರುವಾಗಿದೆ. ನಾಯಿ ಸತ್ತರೆ ಅದರ ಮೇಲೊಂದು ಅಡ್ಡಗೆರೆ.

ಬರೆಯಬಾರದ್ದು ಒಂದೇ. ಕೊಲೆಗಾರ ಯಾರು ಅಂತ. ಹೋದ ವರ್ಷ ಯಾರೋ ಪುಣ್ಯಾತ್ಮರು 12ನೇ ಪುಟದಲ್ಲಿ ಒಬ್ಬ ಪಾತ್ರದ ಹೆಸರಿಗೆ ಸುತ್ತು ಹಾಕಿ, ಪಕ್ಕದಲ್ಲಿ 'ಇವನೇ' ಅಂತ ಬರೆದಿದ್ದರು. ಅದೂ ಬಾಲ್ ಪೆನ್ನಲ್ಲಿ! ವೈಟ್ನರ್ ಹಚ್ಚಿದೆ. ಬಿಳಿ ಪಟ್ಟೆ ಇನ್ನೂ ಜಾಸ್ತಿ ಎದ್ದು ಕಾಣಿಸಿತು. ಮುಂದಿನವರು ದೀಪಕ್ಕೆ ಹಿಡಿದು ಓದಿದರು. ಕೊನೆಗೆ ಎಎಸ್‌ಐ ಸಾರೇ ಉಪಾಯ ಹೇಳಿದರು. ಈಗ ಆ ಪುಸ್ತಕದಲ್ಲಿ ಇನ್ನೂ ಐದು ಪಾತ್ರಗಳ ಹೆಸರಿಗೆ ಸುತ್ತು ಬಿದ್ದಿದೆ. ಪ್ರತಿಯೊಂದರ ಪಕ್ಕದಲ್ಲೂ 'ಇವನೇ' ಅಂತಿದೆ, ಅಕ್ಷರ ಅವರದ್ದೇ.

ಅಂತ್ಯದ ಬಗ್ಗೆ ಹೇಳಲೇಬೇಕು ಅನ್ನಿಸಿದರೆ 'ಕೊನೆ ಐವತ್ತು ಪುಟ ಅವಸರ', 'ಕೊಲೆಗಾರ ಮೊದಲ ಅರ್ಧದಲ್ಲಿ ಬರಲೇ ಇಲ್ಲ, ಮೋಸ' ಅನ್ನುವಷ್ಟು ಸಾಕು. ಪೆನ್ನು ಕೌಂಟರಿನ ಡಬ್ಬಿಯಲ್ಲಿದೆ. ಹಾಳೆ ತುಂಬಿದ್ದರೆ ಕೇಳಿ, ಅದರ ಮೇಲೆ ಇನ್ನೊಂದು ಅಂಟಿಸಿಕೊಡುತ್ತೇನೆ.