ಗ್ಲುಟೆನ್ ಬೇಡ ಅಂದಮೇಲೆ ದಿನಸಿ ತರುವುದು ಹೇಗೆ?

‘ಇನ್ನು ಮೇಲೆ ಗ್ಲುಟೆನ್ ಮುಟ್ಟಬೇಡಿ’ ಎಂದು ಡಾಕ್ಟರು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಗ್ಲುಟೆನ್ ಅಂದರೆ ಗೋಧಿ, ಬಾರ್ಲಿಯಂಥ ಕೆಲವು ಧಾನ್ಯಗಳಲ್ಲಿರುವ ಪ್ರೋಟೀನು. ಕಷ್ಟ ಶುರುವಾಗುವುದು ಅಂಗಡಿಗೆ ಹೋದಾಗ. ಬ್ರೆಡ್ಡು, ಬಿಸ್ಕತ್ತು ಬಿಡಬೇಕು ಅನ್ನುವುದು ಯಾರಿಗಾದರೂ ಹೊಳೆಯುತ್ತದೆ. ಆದರೆ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ, ಗರಿಗರಿ ಕಾರ್ನ್‌ಫ್ಲೇಕ್ಸ್‌ಗೆ ರುಚಿ ಕೊಡುವುದು ಎಷ್ಟೋ ಸಲ ಬಾರ್ಲಿ ಅನ್ನುವುದು ತಟ್ಟನೆ ಹೊಳೆಯುವುದಿಲ್ಲ. ಪೊಟ್ಟಣದ ಮುಂಭಾಗ ಮಾರುವುದಕ್ಕೆ ಇರುವುದು, ಹಿಂಭಾಗ ಓದುವುದಕ್ಕೆ. ಗ್ಲುಟೆನ್ ಬಿಟ್ಟವರಿಗೆ ಬೇಕಾಗಿರುವುದು ಆ ಹಿಂಭಾಗ.

ಪಟ್ಟಿ ಬರೆಯುವ ಮುಂಚೆ ಒಂದು ಮಾತು. ಇನ್ನೂ ಪರೀಕ್ಷೆ ಮಾಡಿಸಿಲ್ಲ, ಸುಮ್ನೆ ಸ್ವಲ್ಪ ದಿನ ಬಿಟ್ಟು ನೋಡೋಣ ಅಂದುಕೊಂಡಿದ್ದರೆ ತಡೆಯಿರಿ. ಗ್ಲುಟೆನ್ ತಿಂದರೆ ಕರುಳಿಗೆ ಪೆಟ್ಟು ಬೀಳುವ ಕಾಯಿಲೆಗೆ ಸೀಲಿಯಾಕ್ ಎನ್ನುತ್ತಾರೆ. ಅದರ ರಕ್ತಪರೀಕ್ಷೆ ಹುಡುಕುವುದು ಗ್ಲುಟೆನ್ ತಿಂದಾಗ ದೇಹ ತಯಾರಿಸುವ ಪ್ರತಿಕಾಯಗಳನ್ನು. ತಿನ್ನುವುದನ್ನು ನಿಲ್ಲಿಸಿದರೆ ಅವು ಕಡಿಮೆಯಾಗುತ್ತಾ ಹೋಗುತ್ತವೆ. ಆಗ ಕಾಯಿಲೆ ಇದ್ದರೂ ವರದಿಯಲ್ಲಿ ‘ಇಲ್ಲ’ ಅಂತ ಬರಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಯಾವುದು ಬೇಡ, ಯಾವುದು ಸರಿ

ಗ್ಲುಟೆನ್ ಅಂದರೆ ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಪ್ರೋಟೀನು. ಗೋಧಿ ಮತ್ತು ರೈ ಕೂಡಿಸಿ ಬೆಳೆಸಿದ ಟ್ರಿಟಿಕೇಲ್ ಕೂಡ ಇದೇ ಗುಂಪಿಗೆ ಸೇರುತ್ತದೆ. ಮೈದಾ, ರವೆ, ಪಾಸ್ತಾ, ಕೂಸ್‌ಕೂಸ್, ಬಲ್ಗರ್ ಎಲ್ಲವೂ ಗೋಧಿಯೇ. ಸ್ಪೆಲ್ಟ್, ಡ್ಯೂರಮ್, ಎಮ್ಮರ್, ಕಾಮುಟ್ ಎಂಬ ಹೆಸರು ಕಂಡರೂ ಅದು ಗೋಧಿಯ ಜಾತಿಯೇ. ‘ಪುರಾತನ ಧಾನ್ಯ, ಹೊಟ್ಟೆಗೆ ಹಗುರ’ ಎಂದು ಬರೆದಿದ್ದರೆ ನಂಬಿಕೊಂಡು ಬುಟ್ಟಿಗೆ ಹಾಕಬೇಡಿ.

ಸರಿಹೋಗುವ ಧಾನ್ಯಗಳೂ ಕಡಿಮೆಯೇನಿಲ್ಲ. ಅಕ್ಕಿ, ಮೆಕ್ಕೆಜೋಳ, ಜೋಳ, ರಾಗಿ, ಸಜ್ಜೆ, ನವಣೆ, ರಾಜಗಿರಿ, ಕ್ವಿನೋವಾ, ಬಕ್‌ವೀಟ್ ಇವ್ಯಾವುದರಲ್ಲೂ ಗ್ಲುಟೆನ್ ಇಲ್ಲ. ಬಕ್‌ವೀಟ್ ಹೆಸರು ಕೇಳಿ ಹೆದರಬೇಡಿ, ಗೋಧಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ.

ಓಟ್ಸ್ ಮಾತ್ರ ಸ್ವಲ್ಪ ತಕರಾರಿನದು. ಅದರಲ್ಲಿ ಗ್ಲುಟೆನ್ ಇಲ್ಲದಿದ್ದರೂ, ಹೊಲದಲ್ಲಿ, ಲಾರಿಯಲ್ಲಿ, ಗಿರಣಿಯಲ್ಲಿ ಗೋಧಿ, ಬಾರ್ಲಿ ಕಾಳುಗಳ ಜೊತೆ ಬೆರೆತುಹೋಗುತ್ತದೆ. ‘ಗ್ಲುಟೆನ್ ಫ್ರೀ’ ಎಂದು ಬರೆದಿರುವ ಓಟ್ಸ್ ಮಾತ್ರ ಕೊಳ್ಳಿ. ಸೀಲಿಯಾಕ್ ಇರುವ ಕೆಲವೇ ಕೆಲವರಿಗೆ ಶುದ್ಧ ಓಟ್ಸ್ ಕೂಡ ಒಗ್ಗುವುದಿಲ್ಲ. ಹಾಗಾಗಿ ಡಾಕ್ಟರನ್ನು ಕೇಳಿಯೇ ಶುರುಮಾಡಿ.

ಒಂದು ಚೂರಿನಿಂದ ಏನಾಗುತ್ತೆ ಅನ್ನುವವರಿಗೆ

ಮನೆಯವರು, ನೆಂಟರು ಇದನ್ನು ಕೇಳಿಯೇ ಕೇಳುತ್ತಾರೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ಗೊತ್ತುಮಾಡುವ ಕೋಡೆಕ್ಸ್ 2008ರಲ್ಲಿ ಪರಿಷ್ಕರಿಸಿದ ನಿಯಮದ ಪ್ರಕಾರ, ‘ಗ್ಲುಟೆನ್ ಫ್ರೀ’ ಎನ್ನಿಸಿಕೊಳ್ಳುವ ಪದಾರ್ಥದಲ್ಲಿ ಒಂದು ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಅಂದರೆ ಅಂಥ ಬ್ರೆಡ್ಡನ್ನು 100 ಗ್ರಾಂ ತಿಂದರೂ ಹೊಟ್ಟೆಗೆ ಹೋಗುವುದು ಹೆಚ್ಚೆಂದರೆ 2 ಮಿಲಿಗ್ರಾಂ. ಮಾಮೂಲಿ ಗೋಧಿ ಬ್ರೆಡ್ಡಿನ ಒಂದೇ ಸ್ಲೈಸ್‌ನಲ್ಲಿ ಸುಮಾರು 2 ಗ್ರಾಂ ಇರುತ್ತದೆ. ಸಾವಿರ ಪಟ್ಟು! ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೋದರೆ ಸೀಲಿಯಾಕ್ ಇರುವವರ ಕರುಳಿನ ಒಳಪದರಕ್ಕೆ ಪೆಟ್ಟು ಬೀಳುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆ ಸ್ಲೈಸನ್ನು 40 ಚೂರು ಮಾಡಿ ದಿನಾ ಒಂದೊಂದು ಚೂರು ತಿಂದರೆ ಇಷ್ಟಾಗುತ್ತದೆ. ಹೊಟ್ಟೆನೋವು ಬರಲಿಲ್ಲ ಅಂದಮಾತ್ರಕ್ಕೆ ಒಳಗೆ ಏನೂ ಆಗಿಲ್ಲ ಅಂತಲೂ ಅಲ್ಲ. ಕೇಳಿದವರಿಗೆ ಈ ಲೆಕ್ಕ ಹೇಳಿಬಿಡಿ.

ಲೇಬಲ್ ಇಲ್ಲದ್ದರಿಂದ ಶುರುಮಾಡಿ

ಅಂಗಡಿಗೆ ಹೋದ ಕೂಡಲೇ ‘ಗ್ಲುಟೆನ್ ಫ್ರೀ’ ಕಪಾಟು ಹುಡುಕುವುದು ಬೇಡ. ತರಕಾರಿ, ಹಣ್ಣು, ಮೊಟ್ಟೆ, ಹಾಲು, ಸಾದಾ ಮೊಸರು, ಮಸಾಲೆ ಹಚ್ಚದ ಮೀನು–ಮಾಂಸ, ಬೇಳೆಕಾಳು, ಹುರಿಯದ ಕಡಲೆಬೀಜ, ಬಾದಾಮಿ. ಮೊದಲ ಸುತ್ತಿನಲ್ಲಿ ಇವುಗಳಿಂದಲೇ ಅರ್ಧ ಬುಟ್ಟಿ ತುಂಬಿಸಿ. ಇವಕ್ಕೆ ಓದುವ ಕೆಲಸ ಕಡಿಮೆ. ಮಸಾಲೆ ಸವರಿಟ್ಟ ಮಾಂಸ, ಹಿಟ್ಟಿನಲ್ಲಿ ಅದ್ದಿದ ಮೀನು, ಸಾಸೇಜು, ಮ್ಯೂಸ್ಲಿ ಬೆರೆಸಿದ ಮೊಸರು ಅಂದಾಗ ಮಾತ್ರ ತಿರುಗಿಸಿ ನೋಡಬೇಕು.

ಬೇಳೆಕಾಳಿನಲ್ಲೂ ಒಂದು ಎಚ್ಚರ ಬೇಕು. ಮಸೂರದಂಥ ಕಾಳುಗಳ ಜೊತೆ ಅಲ್ಲೊಂದು ಇಲ್ಲೊಂದು ಗೋಧಿಯೋ ಬಾರ್ಲಿಯೋ ಸೇರಿಕೊಂಡಿರುತ್ತದೆ. ಅದೇ ಹೊಲ, ಅದೇ ಕೊಯ್ಲು ಯಂತ್ರ, ಅದೇ ಚೀಲ, ಇನ್ನೇನಾಗುತ್ತದೆ? ಬೇಯಿಸುವ ಮುಂಚೆ ಬಿಳಿ ತಟ್ಟೆಯ ಮೇಲೆ ತೆಳ್ಳಗೆ ಹರಡಿ. ಮಸೂರ ದುಂಡಗೆ, ಚಪ್ಪಟೆಯಾಗಿರುತ್ತದೆ. ಗೋಧಿ ಕಾಳು ಉದ್ದಕ್ಕೆ, ನಡುವೆ ಗೀರು ಇಟ್ಟುಕೊಂಡು ಕಾಣುತ್ತದೆ. ಆರಿಸಿ ತೆಗೆದು ಎರಡು ಮೂರು ನೀರಿನಲ್ಲಿ ತೊಳೆದರೆ ಆಯಿತು.

ಅಳೆದು ಕೊಡುವ ತೆರೆದ ಡಬ್ಬಿಗಳಿಂದ ಮಾತ್ರ ಕೊಳ್ಳಬೇಡಿ. ರವೆಗೆ ಹಾಕಿದ ಸೌಟು ಪಕ್ಕದ ಅಕ್ಕಿಹಿಟ್ಟಿಗೂ ಬೀಳುತ್ತದೆ. ಗೋಧಿ ಬೀಸಿದ ಗಿರಣಿಯಲ್ಲೇ ಬೇರೆ ಧಾನ್ಯ ಬೀಸಿಸಿದರೂ ಇದೇ ಕಥೆ. ಅಕ್ಕಿ ಶುದ್ಧವಾಗಿದ್ದರೂ ಹಿಟ್ಟು ಶುದ್ಧವಾಗಿರುವುದಿಲ್ಲ. ಹಿಟ್ಟಿನ ವಿಷಯದಲ್ಲಿ ‘ಗ್ಲುಟೆನ್ ಫ್ರೀ’ ಎಂದು ಬರೆದ, ಮುಚ್ಚಿದ ಪೊಟ್ಟಣವೇ ಒಳ್ಳೆಯದು. ಇಲ್ಲವಾದರೆ ಕಾಳು ತಂದು ಮನೆಯಲ್ಲೇ ಪುಡಿಮಾಡಿಕೊಳ್ಳಿ.

ಈಗ ಓದುವ ಕೆಲಸ

ಉದಾಹರಣೆಗೆ, ಒಂದು ಸೂಪ್ ಪುಡಿಯ ಪೊಟ್ಟಣದ ಹಿಂದೆ ಹೀಗಿದೆ ಅಂದುಕೊಳ್ಳಿ: ಕಾರ್ನ್ ಸ್ಟಾರ್ಚ್, ಉಪ್ಪು, ಸಕ್ಕರೆ, ಮಾಲ್ಟೊಡೆಕ್ಸ್‌ಟ್ರಿನ್, ಹೈಡ್ರೊಲೈಸ್ಡ್ ವೆಜಿಟೆಬಲ್ ಪ್ರೋಟೀನ್, ಯೀಸ್ಟ್ ಎಕ್ಸ್‌ಟ್ರಾಕ್ಟ್, ಮಾಲ್ಟ್ ಎಕ್ಸ್‌ಟ್ರಾಕ್ಟ್, ಮಸಾಲೆಗಳು.

ಕಾರ್ನ್ ಸ್ಟಾರ್ಚ್ ಮೆಕ್ಕೆಜೋಳದ್ದು, ತೊಂದರೆಯಿಲ್ಲ. ಮಾಲ್ಟೊಡೆಕ್ಸ್‌ಟ್ರಿನ್ ಹೆಸರಲ್ಲಿ ಮಾಲ್ಟ್ ಇದ್ದರೂ ಅದು ಪಿಷ್ಟದಿಂದ ತೆಗೆದದ್ದು, ಗೋಧಿಯಿಂದ ಮಾಡಿದ್ದರೂ ಅದರಲ್ಲಿ ಪ್ರೋಟೀನ್ ಉಳಿದಿರುವುದಿಲ್ಲ ಅನ್ನುವಷ್ಟು ಕಡಿಮೆ. ಗ್ಲೂಕೋಸ್ ಸಿರಪ್ಪಿಗೂ ಇದೇ ಮಾತು. ಹೈಡ್ರೊಲೈಸ್ಡ್ ವೆಜಿಟೆಬಲ್ ಪ್ರೋಟೀನ್ ಸೋಯಾದ್ದೂ ಆಗಿರಬಹುದು, ಗೋಧಿಯದ್ದೂ ಆಗಿರಬಹುದು. ಯಾವುದರದ್ದು ಎಂದು ಬರೆದಿಲ್ಲದಿದ್ದರೆ ಅನುಮಾನಕ್ಕೆ ಕಾರಣವಿದೆ. ಯೀಸ್ಟ್ ಎಕ್ಸ್‌ಟ್ರಾಕ್ಟ್ ಕೆಲವೊಮ್ಮೆ ಬಿಯರ್ ತಯಾರಿಸಿ ಉಳಿದ ಯೀಸ್ಟಿನಿಂದ ಬರುತ್ತದೆ, ಅಲ್ಲಿ ಬಾರ್ಲಿ ಇರುತ್ತದೆ. ಕೊನೆಗೆ ಬಂತು ನೋಡಿ, ಮಾಲ್ಟ್ ಎಕ್ಸ್‌ಟ್ರಾಕ್ಟ್. ಇದು ಸಾಮಾನ್ಯವಾಗಿ ಮೊಳಕೆ ಬರಿಸಿದ ಬಾರ್ಲಿ. ಇಷ್ಟು ಸಾಕು, ಪೊಟ್ಟಣ ವಾಪಸ್ ಕಪಾಟಿಗೆ. ಉಳಿದ ಅನುಮಾನಗಳ ಬಗ್ಗೆ ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ.

ಮಾಲ್ಟ್ ಅಡಗಿಕೊಳ್ಳುವ ಜಾಗಗಳು ಇನ್ನೂ ಇವೆ: ಹಾಲಿಗೆ ಬೆರೆಸುವ ಪುಡಿಗಳು, ಚಾಕೊಲೇಟು, ಬೆಳಗಿನ ಸೀರಿಯಲ್, ಮಾಲ್ಟ್ ವಿನೆಗರ್, ಬಿಯರ್. ಬಟ್ಟಿ ಇಳಿಸಿದ ಬಿಳಿ ವಿನೆಗರ್ ಆದರೆ ಪರವಾಗಿಲ್ಲ. ಸೋಯಾ ಸಾಸ್ ಬೇಕೇ ಬೇಕು ಅನ್ನುವವರು ಗೋಧಿ ಹಾಕದೆ ಮಾಡಿದ್ದನ್ನು ಹುಡುಕಬೇಕು. ಪುಡಿ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುವುದು ಮಾಮೂಲು, ಅದನ್ನೂ ಓದಿ. ಕೃತಕ ಮಾಂಸದಂಥ ಪದಾರ್ಥಗಳಲ್ಲಿ ಕೆಲವನ್ನು ಗ್ಲುಟೆನ್‌ನಿಂದಲೇ ಮಾಡಿರುತ್ತಾರೆ. ಸೈಟಾನ್ ಎಂದು ಕಂಡರೆ ಅದು ಹೆಚ್ಚುಕಡಿಮೆ ಬರೀ ಗ್ಲುಟೆನ್.

ಪದಾರ್ಥಗಳ ಪಟ್ಟಿಯ ಕೆಳಗೆ ಅಲರ್ಜಿಯ ಸಾಲು ಇರುತ್ತದಲ್ವಾ, ಅದನ್ನೊಂದನ್ನೇ ನೋಡಿ ಮುಂದೆ ಹೋಗುವವರು ಜಾಸ್ತಿ. ಯುರೋಪಿನ ನಿಯಮದಲ್ಲಿ ಗೋಧಿ, ಬಾರ್ಲಿ, ರೈ ಎಲ್ಲವನ್ನೂ ಎದ್ದು ಕಾಣುವಂತೆ ಅಚ್ಚುಹಾಕಬೇಕು. ಅಮೆರಿಕದಲ್ಲಿ ಗೋಧಿಯನ್ನು ಮಾತ್ರ ಅಲರ್ಜಿಕಾರಕವೆಂದು ಹೇಳಬೇಕು, ಬಾರ್ಲಿ ಮತ್ತು ರೈಗೆ ಆ ಕಡ್ಡಾಯವಿಲ್ಲ. ಹೊರದೇಶದ ಪೊಟ್ಟಣ ಕೈಗೆ ಬಂದರೆ ಇದು ನೆನಪಿರಲಿ. ‘ವೀಟ್ ಫ್ರೀ’ ಎಂದರೆ ಗೋಧಿ ಇಲ್ಲ ಅಂತ ಅಷ್ಟೇ, ಬಾರ್ಲಿ ಇರಬಹುದು. ‘ಗೋಧಿಯ ಅಂಶ ಇರಬಹುದು’ ಎಂಬ ಎಚ್ಚರಿಕೆ ಎಷ್ಟೋ ಕಡೆ ಕಂಪನಿಯ ಇಚ್ಛೆಗೆ ಬಿಟ್ಟದ್ದು. ಇದ್ದರೆ ಬೇಡ ಅನ್ನಿ. ಇಲ್ಲ ಅಂದಮಾತ್ರಕ್ಕೆ ಕಾರ್ಖಾನೆಯಲ್ಲಿ ಗೋಧಿ ಸುಳಿದಿಲ್ಲ ಅಂತ ಅರ್ಥವಲ್ಲ. ಗ್ಲುಟೆನ್ ಇಲ್ಲ ಎಂದು ತೋರಿಸಲು, ತೆನೆಯ ಮೇಲೆ ಗೀಟು ಎಳೆದ ಗುರುತು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಪರವಾನಗಿ ಪಡೆದ ಆ ಗುರುತಿನ ಜೊತೆ ಒಂದು ನೋಂದಣಿ ಸಂಖ್ಯೆಯೂ ಇರುತ್ತದೆ, ಅದನ್ನು ಗಮನಿಸಿ.

ಆ ವಿಶೇಷ ಕಪಾಟಿನ ಬಗ್ಗೆ

ಕೊನೆಗೆ ‘ಗ್ಲುಟೆನ್ ಫ್ರೀ’ ಬಿಸ್ಕತ್ತು, ಕೇಕು, ಬ್ರೆಡ್ಡುಗಳ ಕಡೆ ಬನ್ನಿ. ನನ್ನ ಅಭಿಪ್ರಾಯ ಕೇಳಿದರೆ, ಇವು ಅಪರೂಪಕ್ಕೆ ಇರಲಿ. ಬೆಲೆ ಜಾಸ್ತಿ ಅನ್ನುವುದು ಒಂದು ಕಡೆ. ಎಷ್ಟೋ ಪದಾರ್ಥಗಳು ಬರೀ ಪಿಷ್ಟ, ಸಕ್ಕರೆ, ಎಣ್ಣೆಯ ಮಿಶ್ರಣ. ನಾರಿನಂಶ ಕಡಿಮೆ. ಅನೇಕ ದೇಶಗಳಲ್ಲಿ ಗೋಧಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್ ಸೇರಿಸುತ್ತಾರೆ, ಇವುಗಳಲ್ಲಿ ಹಾಗೆ ಸೇರಿಸಿರುವುದು ಕಡಿಮೆ. ಹೊಸದಾಗಿ ಸೀಲಿಯಾಕ್ ಪತ್ತೆಯಾದವರಲ್ಲಿ ಕಬ್ಬಿಣದ ಕೊರತೆ ಮೊದಲೇ ಇರುವುದುಂಟು. ಬ್ರೆಡ್ಡು ಮನೆಯಲ್ಲೇ ಮಾಡುವವರು ಹಿಟ್ಟಿನ ಜೊತೆ ಇಸಬಗೋಲು ಅಥವಾ ಕ್ಸಾಂಥನ್ ಗಮ್ ಕೂಡ ಪಟ್ಟಿಗೆ ಸೇರಿಸಿ. ಹಿಟ್ಟನ್ನು ಹಿಡಿದಿಡುವ ಅಂಟು ಗ್ಲುಟೆನ್‌ನದ್ದೇ ಆಗಿತ್ತು, ಆ ಜಾಗಕ್ಕೆ ಏನಾದರೂ ಬೇಕಲ್ಲ.

ಔಷಧಿ ಮಾತ್ರೆ, ವಿಟಮಿನ್ ಮಾತ್ರೆಗಳಲ್ಲಿ ತುಂಬುಗೆಗೆ ಪಿಷ್ಟ ಬಳಸುತ್ತಾರೆ. ಅದು ಯಾವುದರದ್ದೆಂದು ಔಷಧಿ ಅಂಗಡಿಯವರನ್ನು ಕೇಳಿ, ತಾವಾಗಿ ಮಾತ್ರೆ ನಿಲ್ಲಿಸಬೇಡಿ.

ಮನೆಯಲ್ಲಿ ಬೇರೆಯವರಿಗೆ ಗೋಧಿ ಹಿಟ್ಟು ಕೊಳ್ಳುವುದಿದ್ದರೆ ಅದನ್ನು ಬೇರೆ ಚೀಲದಲ್ಲಿ ತನ್ನಿ. ಗ್ಲುಟೆನ್ ಇಲ್ಲದ ಡಬ್ಬಿಗಳನ್ನು ಕಪಾಟಿನ ಮೇಲಿನ ಹಲಗೆಯಲ್ಲಿಡಿ, ಗೋಧಿಯದ್ದು ಕೆಳಗೆ. ಹಿಟ್ಟು ಉದುರುವುದು ಕೆಳಕ್ಕೆ ತಾನೇ. ಟೋಸ್ಟರ್ ಮತ್ತು ಜರಡಿ ಇಬ್ಬರಿಗೂ ಬೇರೆ ಬೇರೆ ಇರಬೇಕು. ಬೆಣ್ಣೆ, ಜಾಮ್ ಡಬ್ಬಿಯೂ ಅಷ್ಟೇ, ಯಾಕಂದ್ರೆ ಬ್ರೆಡ್ಡಿಗೆ ಸವರಿದ ಚಾಕು ಮತ್ತೆ ಅದರೊಳಗೇ ಹೋಗುತ್ತದೆ.

ಸರಿಹೋದ ಪೊಟ್ಟಣಗಳ ಹಿಂಭಾಗದ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ಬ್ರಾಂಡ್ ಕೊಳ್ಳುವಾಗ ಎರಡನ್ನೂ ಹೋಲಿಸಿ ನೋಡಬಹುದು. ಕಂಪನಿಗಳು ಸದ್ದಿಲ್ಲದೆ ಪದಾರ್ಥ ಬದಲಿಸುತ್ತವೆ. ಅನುಮಾನ ಬಂದರೆ ಪೊಟ್ಟಣದ ಮೇಲಿನ ಗ್ರಾಹಕ ಸೇವಾ ನಂಬರಿಗೆ ಫೋನ್ ಮಾಡಿ. ‘ಇದು ಗ್ಲುಟೆನ್ ಫ್ರೀನಾ?’ ಎಂದಷ್ಟೇ ಕೇಳಿದರೆ ‘ಹೌದು’ ಅಂದು ಇಟ್ಟುಬಿಡಬಹುದು. ಹೀಗೆ ಕೇಳಿ: ಈ ಪಿಷ್ಟ ಯಾವ ಧಾನ್ಯದ್ದು? ಇದೇ ಯಂತ್ರದಲ್ಲಿ ಗೋಧಿ ಪದಾರ್ಥ ತಯಾರಾಗುತ್ತದೆಯೇ? ತಯಾರಾದ ಪದಾರ್ಥವನ್ನು 20 ಮಿಲಿಗ್ರಾಂ ಮಿತಿಗೆ ಪರೀಕ್ಷೆ ಮಾಡಿಸುತ್ತೀರಾ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಬೇರೆ ಬ್ರಾಂಡ್ ನೋಡಿಕೊಳ್ಳಿ.