ಗದ್ದಲ ತಗ್ಗಿಸಿ, ದೂರದ ದನಿ ಕೇಳಿ: ಅಪಾರ್ಟ್‌ಮೆಂಟ್ ಒಳಗೇ ಶಾರ್ಟ್‌ವೇವ್ ಆಂಟೆನಾ

ಹೊಸ ಶಾರ್ಟ್‌ವೇವ್ ರೇಡಿಯೊ ಹಿಡಿದು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಕುಳಿತವರಿಗೆ ಮೊದಲ ಸಂಜೆ ಸಿಗುವುದು ಬಹುತೇಕ ‘ಗುರ್ರ್’ ಎಂಬ ಸದ್ದು ಮಾತ್ರ. ಮರುದಿನ ರೇಡಿಯೊಗೆ ಬೈಗುಳ, ಅದರ ಮರುದಿನ ಕೋಣೆಯ ಉದ್ದಗಲಕ್ಕೂ ತಂತಿ. ತಂತಿ ಕಟ್ಟಿದ ಮೇಲೆ ಸಿಗ್ನಲ್ ಮೀಟರ್ ಮೇಲೇರುತ್ತದೆ, ಜೊತೆಗೇ ಗುರ್ರ್ ಸದ್ದೂ ಏರುತ್ತದೆ. ಅಲ್ಲಿಗೆ ರೇಡಿಯೊ ಅಟ್ಟ ಸೇರುತ್ತದೆ.

ಶಾರ್ಟ್‌ವೇವ್ ಎಂದರೆ 3ರಿಂದ 30 ಮೆಗಾಹರ್ಟ್ಸ್ ನಡುವಿನ ತರಂಗಗಳು. ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ಮತ್ತೆ ನೆಲಕ್ಕೆ ಬಾಗುವುದರಿಂದಲೇ ಅವು ಸಾವಿರಾರು ಕಿಲೋಮೀಟರ್ ಸಾಗಿ ನಿಮ್ಮ ಕಿಟಕಿ ತಲುಪುತ್ತವೆ. ಹಾಗೆ ಬಂದ ಸಿಗ್ನಲ್ ಕ್ಷೀಣವಾಗಿದ್ದರೂ ಈಗಿನ ಸಾಧಾರಣ ರೇಡಿಯೊಗಳಿಗೆ ಅದನ್ನು ಹಿಡಿಯುವ ಶಕ್ತಿ ಧಾರಾಳವಾಗಿದೆ. ತೊಂದರೆ ಕೊಡುವುದು ಮನೆಯೊಳಗೇ ಹುಟ್ಟುವ ವಿದ್ಯುತ್ ಗದ್ದಲ. ಆದ್ದರಿಂದ ಮೀಟರ್ ಎಷ್ಟು ಏರಿತು ಎಂದು ನೋಡುತ್ತ ಕೂರಬೇಡಿ. ನಿಲ್ದಾಣದ ದನಿ ಗದ್ದಲಕ್ಕಿಂತ ಎಷ್ಟು ಮೇಲಿದೆ ಎನ್ನುವುದೊಂದನ್ನೇ ಗಮನಿಸಿ. ಮುಂದಿನ ಎಲ್ಲ ಹಂತಗಳೂ ಈ ಅಂತರವನ್ನು ಹಿಗ್ಗಿಸುವುದಕ್ಕೇ ಇರುವಂಥವು.

ಹಂತ 1: ಗದ್ದಲದ ಮೂಲ ಹುಡುಕಿ

ಆಂಟೆನಾ ಮಾಡುವ ಉತ್ಸಾಹವನ್ನು ಸ್ವಲ್ಪ ತಡೆಹಿಡಿಯಿರಿ. ರೇಡಿಯೊವನ್ನು ಬ್ಯಾಟರಿಯಲ್ಲೇ ನಡೆಸಿ. ಗೋಡೆಗೆ ಚುಚ್ಚುವ ಅಡಾಪ್ಟರನ್ನು ಪಕ್ಕಕ್ಕಿಡಿ, ಎಷ್ಟೋ ಮನೆಗಳಲ್ಲಿ ಮೊದಲ ಅಪರಾಧಿ ಅದೇ. ಕಡ್ಡಿ ಆಂಟೆನಾ ಪೂರ್ತಿ ಎಳೆದು, 9 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ನಿಲ್ದಾಣವಿಲ್ಲದ ಒಂದು ಖಾಲಿ ಜಾಗಕ್ಕೆ ಟ್ಯೂನ್ ಮಾಡಿ. ಮನೆಯವರಿಗೆ ಹೇಳಿ, ಕಂಪ್ಯೂಟರ್‌ಗಳನ್ನು ಸರಿಯಾಗಿ ಮುಚ್ಚಿ, ನಂತರ ಮೇನ್ ಸ್ವಿಚ್ ಆರಿಸಿ. ಗದ್ದಲ ಒಮ್ಮೆಲೇ ಕುಸಿದರೆ ಸಂತೋಷಪಡಿ. ಕಳ್ಳ ಒಳಗಿನವನೇ, ಅಂದರೆ ನಿಮ್ಮ ಕೈಗೆ ಸಿಗುವವನು. ಈಗ ಒಂದೊಂದೇ ಸಾಧನವನ್ನು ಮತ್ತೆ ಚಾಲೂ ಮಾಡುತ್ತ ಕಿವಿಗೊಡಿ.

ಪ್ರತಿ ಸಾಧನಕ್ಕೂ ಅದರದೇ ಆದ ದನಿ ಇರುತ್ತದೆ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್‌ಗಳಲ್ಲಿರುವ ಸ್ವಿಚಿಂಗ್ ಪವರ್ ಸಪ್ಲೈ ಸೆಕೆಂಡಿಗೆ ಹತ್ತಾರು ಸಾವಿರ ಸಲ ವಿದ್ಯುತ್ತನ್ನು ಕಡಿದು ಕಡಿದು ಹರಿಸುತ್ತದೆ. ಆ ಕಡಿತದ ಹಾರ್ಮೋನಿಕ್‌ಗಳು, ಅಂದರೆ ಅದರ ಆವರ್ತನದ ಎರಡು, ಮೂರು, ನಾಲ್ಕು ಪಟ್ಟಿನ ತರಂಗಗಳು, ಶಾರ್ಟ್‌ವೇವ್ ತನಕವೂ ಹಬ್ಬುತ್ತವೆ. ಡಯಲ್ ನಿಧಾನವಾಗಿ ತಿರುಗಿಸುತ್ತ ಹೋದರೆ ಅರವತ್ತೋ ಎಪ್ಪತ್ತೋ ಕಿಲೋಹರ್ಟ್ಸ್‌ಗೊಮ್ಮೆ, ಹೆಚ್ಚುಕಡಿಮೆ ಸಮ ಅಂತರದಲ್ಲಿ, ಒರಟು ಸದ್ದಿನ ದಿಬ್ಬ ಎದ್ದು ಇಳಿಯುತ್ತದೆ. ದೀಪದ ಬೆಳಕು ತಗ್ಗಿಸುವ ಡಿಮ್ಮರ್‌ನದು ಬೇರೆ ರಾಗ: ವಿದ್ಯುತ್ತಿನ ಆವರ್ತನದ ಎರಡರಷ್ಟಿರುವ, ಅಂದರೆ 100 ಅಥವಾ 120 ಹರ್ಟ್ಸ್‌ನ ಕರ್ಕಶ ಗುಂಯ್‌ಕಾರ. ವಿದ್ಯುತ್ ತಂತಿಯ ಮೂಲಕವೇ ಇಂಟರ್‌ನೆಟ್ ಹಾಯಿಸುವ ಅಡಾಪ್ಟರ್ ಇದ್ದರಂತೂ ಇಡೀ ಬ್ಯಾಂಡೇ ಮುಳುಗುತ್ತದೆ. ಅದನ್ನು ತೆಗೆದುಹಾಕದೆ ಬೇರೆ ದಾರಿಯಿಲ್ಲ.

ಯಾವ ಸಾಧನ ಎಂದು ಖಚಿತವಾಗದಿದ್ದರೆ ಕಡ್ಡಿಯನ್ನು ಪೂರ್ತಿ ಮಡಚಿ, ರೇಡಿಯೊವನ್ನು ಒಂದೊಂದು ಪ್ಲಗ್‌ನ ಹತ್ತಿರ ಒಯ್ಯಿರಿ. ಸದ್ದು ಎಲ್ಲಿ ಚೀರುತ್ತದೋ ಅಲ್ಲೇ ಮೂಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವಂತೆ, ರೇಡಿಯೊ ಮೇಜಿನ ಮೇಲಿನ ಓದುವ ದೀಪವೇ ಎಷ್ಟೋ ಸಲ ಸಿಕ್ಕಿಬೀಳುತ್ತದೆ. ಅದನ್ನು ಬದಲಿಸುವುದರಿಂದ ಸಿಗುವ ಲಾಭವನ್ನು ಯಾವ ಆಂಟೆನಾವೂ ಕೊಡಲಾರದು. ಮೇನ್ ಸ್ವಿಚ್ ಆರಿಸಿದ ಮೇಲೂ ಉಳಿಯುವ ಗದ್ದಲ ನೆರೆಮನೆಯದು ಅಥವಾ ಕಟ್ಟಡದ್ದು. ಅದಕ್ಕೆ ಮದ್ದು ನಾಲ್ಕನೆಯ ಹಂತದಲ್ಲಿದೆ.

ಹಂತ 2: ಕಿಟಕಿಯ ಬಳಿಗೆ ಬನ್ನಿ

ಕಾಂಕ್ರೀಟ್ ಗೋಡೆ, ಚಾವಣಿಗಳೊಳಗೆ ಕಬ್ಬಿಣದ ಸರಳುಗಳ ಜಾಲವಿರುತ್ತದೆ. ಶಾರ್ಟ್‌ವೇವ್ ತರಂಗದ ಉದ್ದ 10ರಿಂದ 100 ಮೀಟರ್. ಅಷ್ಟು ಉದ್ದದ ತರಂಗಕ್ಕೆ ಈ ಜಾಲದ ಸಂದುಗಳು ಮುಚ್ಚಿದ ಬಾಗಿಲಿದ್ದಂತೆ. ಒಳಗೆ ಬರುವ ಅಷ್ಟಿಷ್ಟು ಸಿಗ್ನಲ್ ಕಿಟಕಿ, ಬಾಲ್ಕನಿಗಳ ಮೂಲಕವೇ ಬರಬೇಕು. ಬರಿಗಾಜು ತಡೆಯಲ್ಲ, ಆದರೆ ಶಾಖ ತಡೆಯುವ ಲೋಹಲೇಪಿತ ಗಾಜು ಮತ್ತು ಒತ್ತೊತ್ತಾದ ಕಬ್ಬಿಣದ ಗ್ರಿಲ್ ತಡೆಯುತ್ತವೆ. ಮನೆಯ ಎಲ್ಲ ಕಿಟಕಿಗಳ ಬಳಿಯೂ ಒಂದೇ ನಿಲ್ದಾಣ ಕೇಳಿ ನೋಡಿ. ಅರ್ಧ ಮೀಟರ್ ಸರಿದರೂ ವ್ಯತ್ಯಾಸ ಕಾಣಿಸುತ್ತದೆ. ಈ ಹಂತದಲ್ಲೇ ತೃಪ್ತಿಯಾದರೆ ಮುಂದೆ ಓದುವ ಅಗತ್ಯವಿಲ್ಲ.

ಹಂತ 3: ಐದಾರು ಮೀಟರ್ ತಂತಿ

ಹೊದಿಕೆಯುಳ್ಳ ಯಾವುದೇ ತೆಳು ತಂತಿ ಸಾಕು. ಮೋಟಾರ್ ಸುತ್ತುವ ಎನಾಮಲ್ ತಂತಿಯಾದರೆ ಕಣ್ಣಿಗೂ ಕಾಣಿಸುವುದಿಲ್ಲ. ಹೊದಿಕೆ ತರಂಗವನ್ನು ತಡೆಯುವುದಿಲ್ಲ, ದಪ್ಪದಿಂದಲೂ ವಿಶೇಷ ಲಾಭವಿಲ್ಲ. ಐದರಿಂದ ಏಳು ಮೀಟರ್ ಅಳೆದು ಒಂದು ತುದಿಗೆ ಕ್ರೊಕೊಡೈಲ್ ಕ್ಲಿಪ್ ಕಟ್ಟಿ ಕಡ್ಡಿ ಆಂಟೆನಾಗೆ ಕಚ್ಚಿಸಿ. ಉಳಿದದ್ದನ್ನು ಕಿಟಕಿಯ ಚೌಕಟ್ಟಿನ ಮೇಲಂಚಿನಲ್ಲಿ ಹಾಯಿಸಿ, ಮುಗಿಯದಿದ್ದರೆ ಬದಿಗೆ ಇಳಿಬಿಡಿ. ಲೋಹದ ಪರದೆ ಸರಳಿಗೆ ಸುತ್ತಬೇಡಿ. ಗೋಡೆಯೊಳಗಿನ ವಿದ್ಯುತ್ ವೈರಿಂಗ್‌ಗೆ ಸಮಾನಾಂತರವಾಗಿ ಓಡಿಸಿದರೆ ಅದರ ಗದ್ದಲವನ್ನೆಲ್ಲ ತಂತಿ ಹೀರಿಕೊಳ್ಳುತ್ತದೆ. ದಾಟಲೇಬೇಕಾದ ಕಡೆ ಅಡ್ಡಕ್ಕೆ ದಾಟಿಸಿ.

ಬ್ಯಾಟರಿಯಲ್ಲಿ ನಡೆಯುವ ರೇಡಿಯೊಗೆ ಆಸರೆಯ ‘ನೆಲ’ (ಅರ್ತ್) ಇರುವುದಿಲ್ಲ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಅಷ್ಟೇ ಉದ್ದದ ಇನ್ನೊಂದು ತಂತಿಯನ್ನು ಇಯರ್‌ಫೋನ್ ಸಾಕೆಟ್ಟಿನ ಹೊರಲೋಹಕ್ಕೆ ಸೇರಿಸಿ ನೆಲದ ಮೇಲೆ ಹಾಸಿಬಿಡಿ. ಇಯರ್‌ಫೋನ್ ಹಾಕಿಕೊಂಡ ಕೂಡಲೇ ನಿಲ್ದಾಣ ಗಟ್ಟಿಯಾಗುವುದನ್ನು ನೀವು ಗಮನಿಸಿರಬಹುದು. ಅದರ ವೈರೇ ಅಲ್ಲಿ ಈ ಎರಡನೆಯ ತಂತಿಯ ಕೆಲಸ ಮಾಡಿರುತ್ತದೆ.

ಇದಕ್ಕಿಂತ ಉದ್ದದ ತಂತಿಯ ಆಸೆ ಬೇಡ. ಸಣ್ಣ ರೇಡಿಯೊಗಳ ಒಳಗಿನ ಮೊದಲ ಹಂತ ಹೆಚ್ಚು ಸಿಗ್ನಲ್ ತಡೆದುಕೊಳ್ಳದು. ಒಂದೇ ಜಾಗದಲ್ಲಿ ಎರಡು ನಿಲ್ದಾಣ ಕೇಳಿಸಿದರೆ, ಅಥವಾ ಹತ್ತಿರದ ಮೀಡಿಯಂ ವೇವ್ ನಿಲ್ದಾಣ ಶಾರ್ಟ್‌ವೇವ್‌ನಲ್ಲಿ ಇಣುಕಿದರೆ ಆಂಟೆನಾ ಅತಿಯಾಯಿತು ಎಂದೇ ಅರ್ಥ. ‘ಲೋಕಲ್–ಡಿಎಕ್ಸ್’ (ಹತ್ತಿರ–ದೂರ) ಸ್ವಿಚ್ ಇದ್ದರೆ ಲೋಕಲ್ ಕಡೆಗೆ ತಳ್ಳಿ, ಇಲ್ಲವಾದರೆ ತಂತಿ ಕತ್ತರಿಸಿ.

ಹಂತ 4: ಲೂಪ್ ಕಟ್ಟಿ

ಅಪಾರ್ಟ್‌ಮೆಂಟಿಗೆ ಹೇಳಿಮಾಡಿಸಿದ ಆಂಟೆನಾ ಎಂದರೆ ನನ್ನ ಮಟ್ಟಿಗೆ ಇದೇ. ಬೇಕಾಗುವುದು ಎರಡು ಮಿಲಿಮೀಟರ್ ದಪ್ಪದ ಎರಡು ಮೀಟರ್ ತಾಮ್ರದ ತಂತಿ, ಅದನ್ನು ಹಿಡಿದು ನಿಲ್ಲಿಸಲು ಮರದ ಪಟ್ಟಿಗಳ ಒಂದು ಶಿಲುಬೆ, ಮತ್ತು ಹಳೆಯ ವಾಲ್ವ್ ರೇಡಿಯೊದಿಂದ ಬಿಚ್ಚಿದ ಗ್ಯಾಂಗ್ ಕಂಡೆನ್ಸರ್. ಪದರ ಪದರವಾದ ಅಲ್ಯೂಮಿನಿಯಂ ತಗಡುಗಳು ಒಂದರೊಳಗೊಂದು ಸರಿಯುವ ಆ ಸಾಧನದ ಒಂದೊಂದು ಭಾಗದ ಧಾರಣಶಕ್ತಿ ಸಾಮಾನ್ಯವಾಗಿ 365 ಪಿಕೊಫ್ಯಾರಡ್‌ವರೆಗೆ ಇರುತ್ತದೆ.

ತಂತಿಯನ್ನು ಸುಮಾರು 60 ಸೆಂಟಿಮೀಟರ್ ವ್ಯಾಸದ ವೃತ್ತವಾಗಿ ಬಗ್ಗಿಸಿ ಶಿಲುಬೆಗೆ ಬಿಗಿಯಿರಿ. ತುದಿಗಳೆರಡೂ ಕೆಳಗೆ ಎದುರುಬದುರಾಗಿರಲಿ. ಒಂದು ತುದಿಯನ್ನು ಕಂಡೆನ್ಸರಿನ ಚೌಕಟ್ಟಿಗೆ, ಇನ್ನೊಂದನ್ನು ಅಲುಗಾಡದ ತಗಡುಗಳ ಕಾಲಿಗೆ ಬೆಸುಗೆ ಹಾಕಿ. ಇಷ್ಟಕ್ಕೆ ಸ್ಥೂಲವಾಗಿ 6ರಿಂದ 18 ಮೆಗಾಹರ್ಟ್ಸ್, ಅಂದರೆ ತರಂಗದ ಉದ್ದದಿಂದ ಹೆಸರಿಸುವ 49 ಮೀಟರ್ ಬ್ಯಾಂಡಿನಿಂದ 16 ಮೀಟರ್ ಬ್ಯಾಂಡಿನವರೆಗೆ ಕೈಗೆ ಬರುತ್ತದೆ. ಕಂಡೆನ್ಸರಿನ ಎರಡೂ ಭಾಗಗಳನ್ನು ಸಮಾನಾಂತರವಾಗಿ ಜೋಡಿಸಿದರೆ 4 ಮೆಗಾಹರ್ಟ್ಸ್ ಸಮೀಪಕ್ಕೂ ಇಳಿಯಬಹುದು. ಪಾಕೆಟ್ ರೇಡಿಯೊದ ಪ್ಲಾಸ್ಟಿಕ್ ಕಂಡೆನ್ಸರ್ ಮಾತ್ರ ಸಿಕ್ಕಿತೆನ್ನಿ, ಅದರ ಧಾರಣಶಕ್ತಿ ಕಡಿಮೆ. 49 ಮೀಟರ್ ಬ್ಯಾಂಡ್ ಕೈತಪ್ಪಬಹುದು. ಆಗ ಅದಕ್ಕೆ ಸಮಾನಾಂತರವಾಗಿ 150 ಪಿಕೊಫ್ಯಾರಡ್‌ನ ಸಣ್ಣ ಕಂಡೆನ್ಸರ್ ಒಂದನ್ನು ಸೇರಿಸಿ.

ರೇಡಿಯೊಗೆ ಸಿಗ್ನಲ್ ಒಯ್ಯುವುದು ಇನ್ನೊಂದು ಪುಟ್ಟ ಲೂಪ್. ಅದು ದೊಡ್ಡದರ ಐದನೇ ಒಂದರಷ್ಟು, ಅಂದರೆ 12 ಸೆಂಟಿಮೀಟರ್ ವ್ಯಾಸದ್ದಿರಲಿ. ಕಂಡೆನ್ಸರಿಗೆ ಎದುರಾದ ಮೇಲ್ಬದಿಯಲ್ಲಿ, ದೊಡ್ಡ ಲೂಪಿನ ಒಳಗೆ, ಅದೇ ಸಮತಲದಲ್ಲಿ ಕಟ್ಟಿ. ಎರಡರ ನಡುವೆ ವಿದ್ಯುತ್ ಸಂಪರ್ಕ ಬೇಡ. ಪುಟ್ಟ ಲೂಪಿನ ಎರಡು ತುದಿಗಳಿಂದ ಎರಡು ಮೂರು ಮೀಟರ್ ಕೋಆಕ್ಸಿಯಲ್ ಕೇಬಲ್ (ಟಿವಿಗೆ ಬಳಸುವಂಥದ್ದು) ಎಳೆದು ರೇಡಿಯೊದ ಹೊರ ಆಂಟೆನಾ ಸಾಕೆಟ್ಟಿಗೆ ಕೊಡಿ. ಸಾಕೆಟ್ ಇಲ್ಲದಿದ್ದರೆ ಕೇಬಲ್ಲಿನ ನಡುತಂತಿ ಕಡ್ಡಿಗೆ, ಹೊರಜಾಲರಿ ಇಯರ್‌ಫೋನ್ ಸಾಕೆಟ್ಟಿನ ಹೊರಲೋಹಕ್ಕೆ. ಹೀಗೆ ಮಾಡಿದಾಗ ಕಡ್ಡಿಯನ್ನು ಮಡಚಿಯೇ ಇಡಿ. ಇಲ್ಲವಾದರೆ ಅದು ಹಳೆಯ ಗದ್ದಲವನ್ನೇ ಮತ್ತೆ ತರುತ್ತದೆ.

ಟ್ಯೂನ್ ಮಾಡುವಾಗ ಮೊದಲು ರೇಡಿಯೊವನ್ನು ಬೇಕಾದ ಜಾಗಕ್ಕೆ ತನ್ನಿ, ಆಮೇಲೆ ಕಂಡೆನ್ಸರಿಗೆ ಕೈಹಾಕಿ. ಕೂದಲೆಳೆಯಷ್ಟು ನಿಧಾನವಾಗಿ ತಿರುಗಿಸಬೇಕು. ಅಲ್ಲಿಯವರೆಗೆ ಪಿಸುಗುಡುತ್ತಿದ್ದ ಹಿನ್ನೆಲೆ ಸದ್ದು ಒಂದು ಬಿಂದುವಿನಲ್ಲಿ ಥಟ್ಟನೆ ಉಬ್ಬಿ, ಇನ್ನೊಂದಿಷ್ಟು ತಿರುಗಿದೊಡನೆ ಇಳಿದುಬಿಡುತ್ತದೆ. ಆ ಉಬ್ಬಿನ ನೆತ್ತಿಯಲ್ಲಿ ನಿಲ್ಲಿಸಿ. ಕೈ ತೆಗೆದ ಕೂಡಲೇ ನಿಲ್ದಾಣ ಜಾರಿದರೆ ಗಾಬರಿ ಬೇಡ; ನಿಮ್ಮ ದೇಹವೂ ಒಂದು ಕಂಡೆನ್ಸರ್. ತಿರುಗುಗುಂಡಿಗೆ ಉದ್ದನೆಯ ಪ್ಲಾಸ್ಟಿಕ್ ಅಥವಾ ಮರದ ಹಿಡಿ ಕೊಟ್ಟರೆ ಸರಿಹೋಗುತ್ತದೆ. ನಿಲ್ದಾಣ ಬದಲಿಸಿದಾಗಲೆಲ್ಲ ಲೂಪನ್ನೂ ಮತ್ತೆ ಹೊಂದಿಸಬೇಕು. ಇದು ಕಿರಿಕಿರಿಯೇ, ಆದರೆ ಇದೇ ಇಕ್ಕಟ್ಟು ಬೇರೆ ಪ್ರಬಲ ನಿಲ್ದಾಣಗಳನ್ನು ರೇಡಿಯೊದ ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ.

ಇನ್ನು ನೆರೆಮನೆಯ ಗದ್ದಲದ ಸರದಿ. ನೆಟ್ಟಗೆ ನಿಲ್ಲಿಸಿದ ಸಣ್ಣ ಲೂಪ್ ತನ್ನ ಅಂಚುಗಳ ದಿಕ್ಕಿನಿಂದ ಬಂದದ್ದನ್ನು ಚೆನ್ನಾಗಿ ಹಿಡಿಯುತ್ತದೆ. ಮುಖದ ನೇರಕ್ಕೆ ಬಂದದ್ದಕ್ಕೆ ಕಿವುಡು. ಲೂಪನ್ನು ನಿಂತಲ್ಲೇ ನಿಧಾನವಾಗಿ ತಿರುಗಿಸಿ. ಗದ್ದಲದ ಮೂಲ ಲೂಪಿನ ಮುಖಕ್ಕೆ ನೇರವಾದಾಗ ಸದ್ದು ತಟ್ಟನೆ ತಗ್ಗುತ್ತದೆ. ಆದರೆ ದೂರದ ನಿಲ್ದಾಣ ಹಾಗೆ ಮಾಯವಾಗುವುದಿಲ್ಲ. ಅದು ಆಕಾಶದಿಂದ ಓರೆಯಾಗಿ, ಬೇರೆ ಬೇರೆ ಕೋನಗಳಲ್ಲಿ ಇಳಿಯುವುದರಿಂದ ಈ ಕಿವುಡು ಅದಕ್ಕೆ ಅಷ್ಟಾಗಿ ತಟ್ಟದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಗದ್ದಲ ಹಲವು ದಿಕ್ಕಿನಿಂದ ಬರುತ್ತಿದ್ದರೆ ಮಾತ್ರ ಪೂರ್ತಿ ಫಲ ಸಿಗದು. ಅತಿ ಕೆಟ್ಟದ್ದನ್ನು ಆರಿಸಿ ತಗ್ಗಿಸಿಕೊಳ್ಳಬೇಕು.

ಕೇಬಲ್ಲಿನ ಹೊರಮೈಯೂ ಗದ್ದಲವನ್ನು ಹೊತ್ತು ತರಬಲ್ಲದು. ರೇಡಿಯೊದ ಹತ್ತಿರ ಅದನ್ನು ಫೆರೈಟ್ ಉಂಗುರದೊಳಗೆ ಕೆಲವು ಸುತ್ತು ಹಾಯಿಸಿದರೆ ಈ ದಾರಿ ಮುಚ್ಚುತ್ತದೆ. ಶಾರ್ಟ್‌ವೇವ್‌ಗೆ ‘31’ ಸಂಖ್ಯೆಯ ಮಿಶ್ರಣದ ಫೆರೈಟ್ ಹೊಂದುತ್ತದೆ.

ಸಿದ್ಧ ಲೂಪ್ ಕೊಳ್ಳುವವರಿಗೆ

ಆಂಪ್ಲಿಫೈಯರ್ ಇರುವ ಎಂಎಲ್‌ಎ-30 ಮಾದರಿಯ ಲೂಪ್‌ಗಳಿಗೆ ಟ್ಯೂನ್ ಮಾಡುವ ರಗಳೆಯಿಲ್ಲ. ಆದರೆ ಯುಎಸ್‌ಬಿ ಚಾರ್ಜರಿನಿಂದ ವಿದ್ಯುತ್ ಕೊಟ್ಟರೆ ಒಂದನೆಯ ಹಂತದಲ್ಲಿ ಹೊರಗಟ್ಟಿದ ಕಳ್ಳನನ್ನು ಮತ್ತೆ ಕರೆದು ಕೂರಿಸಿದಂತೆ. ಪವರ್ ಬ್ಯಾಂಕ್ ಬಳಸಿ, ಅದೂ ಗದ್ದಲ ಮಾಡುತ್ತದೆಯೇ ಎಂದು ಕೇಳಿ ನೋಡಿ. ಆಂಪ್ಲಿಫೈಯರ್ ಸಿಗ್ನಲ್ಲಿನ ಜೊತೆ ಗದ್ದಲವನ್ನೂ ಅಷ್ಟೇ ಹಿಗ್ಗಿಸುತ್ತದೆ. ಹಾಗಾಗಿ ಲೂಪನ್ನು ಎಲ್ಲಿಡುತ್ತೀರಿ, ಯಾವ ಕಡೆ ತಿರುಗಿಸುತ್ತೀರಿ ಎನ್ನುವ ಲೆಕ್ಕ ಇಲ್ಲಿಯೂ ತಪ್ಪದು.

ಅಪಾಯದ ವಿಷಯ

ತಂತಿಯನ್ನು ಗ್ಯಾಸ್ ಕೊಳವೆಗೆ, ಬೆಂಕಿ ನಂದಿಸುವ ನೀರಿನ ಕೊಳವೆಗೆ ಅಥವಾ ವಿದ್ಯುತ್ ಸಾಕೆಟ್ಟಿನ ಯಾವ ರಂಧ್ರಕ್ಕೂ ಸೇರಿಸಬೇಡಿ. ಕಿಟಕಿಯಿಂದ ಹೊರಗೆ ಇಳಿಬಿಟ್ಟ ತಂತಿ ಗಾಳಿಗೆ ಹಾರಿ ವಿದ್ಯುತ್ ತಂತಿಗೆ ತಾಗಬಹುದು. ಗುಡುಗು ಕೇಳಿಸಿತೋ, ರೇಡಿಯೊದಿಂದ ತಂತಿ ಬಿಚ್ಚಿಡಿ. ಸಿಡಿಲು ನೇರ ಹೊಡೆಯಬೇಕೆಂದೇನೂ ಇಲ್ಲ. ತಂತಿಯಲ್ಲಿ ಸಂಗ್ರಹವಾದ ಸ್ಥಿರವಿದ್ಯುತ್ತೇ ಮೊದಲ ಟ್ರಾನ್ಸಿಸ್ಟರನ್ನು ಸುಡಬಲ್ಲದು.

ಹಂತ 5: ಹೊತ್ತು ನೋಡಿ ಪರೀಕ್ಷಿಸಿ

ಮಧ್ಯಾಹ್ನ 49 ಮೀಟರ್ ಬ್ಯಾಂಡಿನಲ್ಲಿ ದೂರದ ನಿಲ್ದಾಣ ಹುಡುಕಿ ಆಂಟೆನಾವನ್ನು ಹಳಿದರೆ ಅದು ಆಂಟೆನಾದ ತಪ್ಪಲ್ಲ. ಹಗಲಿಗೆ 19, 16, 13 ಮೀಟರ್ ಬ್ಯಾಂಡ್‌ಗಳು, ರಾತ್ರಿಗೆ 49, 41, 31. ಮುಸ್ಸಂಜೆಯ ಹೊತ್ತು 31 ಮತ್ತು 25 ಚುರುಕಾಗಿರುತ್ತವೆ. ವೇಳಾಪಟ್ಟಿಗಳಲ್ಲಿರುವುದು ಯುಟಿಸಿ (ಜಾಗತಿಕ ಪ್ರಮಾಣ) ಸಮಯ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ಆವರ್ತನಗಳು ಬದಲಾಗುತ್ತವೆ.

ಪರೀಕ್ಷೆಗೆ ಸುದ್ದಿ, ಸಂಗೀತಗಳಿಗಿಂತ 5, 10, 15 ಮೆಗಾಹರ್ಟ್ಸ್‌ನ ಕಾಲಸಂಕೇತ ನಿಲ್ದಾಣಗಳು ಒಳ್ಳೆಯವು. ಅಮೆರಿಕದ ಕೊಲರಾಡೊದಿಂದ ಡಬ್ಲ್ಯುಡಬ್ಲ್ಯುವಿ, ಹವಾಯಿಯಿಂದ ಡಬ್ಲ್ಯುಡಬ್ಲ್ಯುವಿಎಚ್, ಚೀನಾದಿಂದ ಬಿಪಿಎಂ ಈ ಜಾಗಗಳಲ್ಲಿ ಸೆಕೆಂಡುಗಳನ್ನು ಎಣಿಸುತ್ತಿರುತ್ತವೆ. ಶಾರ್ಟ್‌ವೇವ್ ದನಿ ತಾನಾಗಿಯೇ ಏರಿಳಿಯುವುದರಿಂದ ಒಂದು ಆಂಟೆನಾ ಇಂದು, ಇನ್ನೊಂದು ನಾಳೆ ಎಂಬ ಹೋಲಿಕೆಗೆ ಅರ್ಥವಿಲ್ಲ. ಅರ್ಧ ಅರ್ಧ ನಿಮಿಷಕ್ಕೊಮ್ಮೆ ಕಡ್ಡಿ, ತಂತಿ, ಲೂಪ್ ಎಂದು ಬದಲಿಸುತ್ತ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಕೆಲವು ಸುತ್ತು ಆದ ಮೇಲೆ ಮೀಟರಿನ ನೆನಪು ಬಿಟ್ಟು ಮುದ್ರಿತ ದನಿಯನ್ನು ಕೇಳಿ, ಸೆಕೆಂಡಿನ ಟಿಕ್ ಟಿಕ್ ಯಾವುದರಲ್ಲಿ ಒಂದೂ ತಪ್ಪದೆ ಎಣಿಸಲು ಬರುತ್ತದೋ ಅದನ್ನು ಆ ಕಿಟಕಿಗೆ ಖಾಯಂ ಮಾಡಿ.