ಇಡ್ಲಿ ಬಿಟ್ಟು ಹಿಟ್ಟು ಹಿಡಿದದ್ದು

ಮುಂಬಯಿಯ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಹದಿನಾಲ್ಕು ವರ್ಷ ಕುಳಿತಿದ್ದ ನಾನು 2019ರಲ್ಲಿ ಕೆಲಸ ಬಿಟ್ಟು ಡೊಂಬಿವಲಿಯ ಮನೆಯಲ್ಲೇ ಸ್ವಂತ ವ್ಯಾಪಾರಕ್ಕೆ ಇಳಿದಾಗ, ಏನನ್ನು ಮಾರಬೇಕೆಂಬುದು ನನಗೇ ಸ್ಪಷ್ಟವಿರಲಿಲ್ಲ. ಒಂದು ಕಟ್ಟುಪಾಡು ಮಾತ್ರ ಹಾಕಿಕೊಂಡಿದ್ದೆ: ಯಾವ ತಿನಿಸಿಗೂ ಐದು ಸಾವಿರ ರೂಪಾಯಿ ಮೀರಿ ಹಾಕಬಾರದು, ಎರಡು ತಿಂಗಳು ಮೀರಿ ಕಾಯಬಾರದು. ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ದಾಟದವರಿಗೆ ಆಗ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ವರ್ಷಕ್ಕೆ 100 ರೂಪಾಯಿಯಲ್ಲಿ ಆಗುತ್ತಿದ್ದುದರಿಂದ ಸಣ್ಣದಾಗಿ ಆರಂಭಿಸುವುದು ಕಷ್ಟವಾಗಲಿಲ್ಲ.

ಚಕ್ಕುಲಿ, ಕಷಾಯದ ಪುಡಿ ಬೇಗ ನಿಂತುಹೋದವು. ಕೆಸುವಿನೆಲೆಯ ಪತ್ರೊಡೆಯನ್ನು ತಿಂದವರೆಲ್ಲ ಊರಿನ ರುಚಿಯೆಂದು ಹೊಗಳಿದರು. ಆದರೆ ಲೆಕ್ಕದ ಪುಸ್ತಕ ತೆರೆದು ನೋಡಿದರೆ ಎರಡನೆಯ ಸಲ ಕೊಂಡವರು ನಾಲ್ಕೇ ಮನೆಯವರು. ಹೊಗಳಿಕೆಯನ್ನು ಬೇಡಿಕೆಯೆಂದು ತಿಳಿದು ಎರಡು ತಿಂಗಳ ಗಡುವನ್ನು ನಾನೇ ಮುರಿದು, ಆ ಹಟಕ್ಕೆ ದಂಡವನ್ನೂ ತೆತ್ತೆ.

ಬಳಿಕ ಭಾನುವಾರದ ಇಡ್ಲಿ ಪಾರ್ಸಲ್ ಹಿಡಿದೆ. ಒಂದು ದಿನ ಕೆಳಮನೆಯ ಮರಾಠಿ ಗೃಹಿಣಿ, ಇಡ್ಲಿ ಬೇಡ, ಹಿಟ್ಟನ್ನೇ ಕೊಡಿ, ಬಿಸಿಯಾಗಿ ನಾವೇ ಬೇಯಿಸಿಕೊಳ್ಳುತ್ತೇವೆ ಎಂದರು. ಮುಲ್ಕಿ ಕಡೆಯ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ಅಂಗಡಿ ತೆರೆದಾಗ ಗಿರಾಕಿಗಳನ್ನು ಸೆಳೆಯಲು ಪಾವ್‌ಭಾಜಿಯನ್ನೂ ಇಟ್ಟಿದ್ದರು, ಕೊನೆಗೆ ಉಳಿದದ್ದು ನ್ಯಾಚುರಲ್ಸ್ ಐಸ್‌ಕ್ರೀಮ್ ಎಂಬುದನ್ನು ಗಲ್ಲಾದಲ್ಲಿ ಕುಳಿತು ಎಷ್ಟೋ ಸಲ ಕೇಳಿದ್ದವನಿಗೆ ಆ ಗೃಹಿಣಿಯ ಮಾತಿನ ಬೆಲೆ ತಿಳಿಯಲು ತಡವಾಗಲಿಲ್ಲ.

ನಿಜವಾದ ಪ್ರಯೋಗ ಆಮೇಲಿನದು. ಮೇ ತಿಂಗಳಲ್ಲಿ ಬೆಳಿಗ್ಗೆ ಅಂಗಡಿಗೆ ಕೊಟ್ಟ ಹಿಟ್ಟಿನ ಪೊಟ್ಟಣಗಳು ಮಧ್ಯಾಹ್ನಕ್ಕೆ ದಿಂಬಿನಂತೆ ಉಬ್ಬಿ, ಮೂರು ಒಡೆದು, ಕೆಳಗಿದ್ದ ಬಿಸ್ಕತ್ತಿನ ಡಬ್ಬಗಳೆಲ್ಲ ಹಾಳಾದವು. ಸೆಖೆಗೆ ಹಿಟ್ಟು ಬೇಗ ಹುಳಿಯುತ್ತದೆ, ಹುಳಿಯುವಾಗ ಹುಟ್ಟುವ ಕಾರ್ಬನ್ ಡೈಆಕ್ಸೈಡ್‌ಗೆ ಹೊರಹೋಗಲು ದಾರಿ ಬೇಕು. ರುಬ್ಬುವಾಗ ಗ್ರೈಂಡರಿನ ಕಲ್ಲೇ ಬಿಸಿಯಾಗುವುದರಿಂದ ಉದ್ದಿಗೆ ಮಂಜುಗಡ್ಡೆಯ ನೀರು ಹಾಕತೊಡಗಿದೆ. ಹಿಟ್ಟು ಪೂರ್ತಿ ಉಬ್ಬುವ ಮೊದಲೇ ಫ್ರಿಜ್ಜಿನಲ್ಲಿ ತಣಿಸಿ ತುಂಬಿದೆ. ಅಂಗಡಿಯವರು ಫ್ರಿಜ್ಜಿನಲ್ಲಿ ಇಡದಿದ್ದರೆ ಮಾಲು ಕೊಡುವುದನ್ನೇ ನಿಲ್ಲಿಸಿದೆ. ಡಿಸೆಂಬರಿನಲ್ಲಿ ಅದೇ ಹಿಟ್ಟು ಬೆಳಗಾದರೂ ಏಳದೆ ಕುಳಿತಾಗ, ಋತುವಿಗೊಂದು ವೇಳಾಪಟ್ಟಿ ಬರೆದಿಟ್ಟೆ.

ಪತ್ರೊಡೆಯನ್ನು ಈಗ ಮಳೆಗಾಲದಲ್ಲಿ ಮಾತ್ರ, ಮುಂಗಡ ಕೊಟ್ಟವರಿಗೆ ಮಾಡುತ್ತೇನೆ. ಸದ್ಯ ನೀರುದೋಸೆ ಹಿಟ್ಟಿನ ಸರದಿ. ಪೊಟ್ಟಣದಲ್ಲಿ ಅಕ್ಕಿ ತಳಕ್ಕಿಳಿದು ನೀರು ಮೇಲೆ ನಿಲ್ಲುತ್ತದೆ, ಕಲಕದೆ ಹುಯ್ದವರು ದೋಸೆ ಕಾವಲಿಯಿಂದ ಏಳಲಿಲ್ಲವೆಂದು ಫೋನ್ ಮಾಡುತ್ತಾರೆ. ಐದು ಸಾವಿರದಲ್ಲಿ ಇನ್ನು ಸಾವಿರದ ಇನ್ನೂರು ಉಳಿದಿದೆ.